ಒಳಗೆ ಬೀಗರು ಒಬ್ಬರೇ

ಫೆಬ್ರವರಿ ತಿಂಗಳ ಎರಡನೇ ಗುರುವಾರ. ಬೆಳಿಗ್ಗೆ ಎಂಟೂವರೆ. ಗೌರಿಬಿದನೂರಿನ ಹೊರವಲಯದಲ್ಲಿದ್ದ ನಮ್ಮ ಪರೀಕ್ಷಾ ಶೆಡ್ಡು. ಹಾಜರಿದ್ದವರು: ಸುರಕ್ಷತಾ ಮೇಲ್ವಿಚಾರಕಿಯಾದ ನಾನು, ಪರೀಕ್ಷಾ ವಿಭಾಗದ ಮುಖ್ಯಸ್ಥರಾದ ಶ್ರೀಕಂಠಯ್ಯನವರು, ಕಂಪ್ಯೂಟರ್ ಪರದೆಯ ಮುಂದೆ ಕೂರುವ ಇಂಜಿನಿಯರ್ ನಿಖತ್, ಫಿಟ್ಟರ್ ಮುನಿರಾಜು, ಜೀಪಿನ ಚಾಲಕ ನಾಗರಾಜ, ಗ್ಯಾಸ್ ಸಿಲಿಂಡರುಗಳನ್ನು ನೋಡಿಕೊಳ್ಳುವ ಇಬ್ಬರು. ಒಟ್ಟು ಏಳು ಜನ. ಈ ಏಳು ಎಂಬ ಲೆಕ್ಕವನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಅಂದು ನಾನು ಇಟ್ಟುಕೊಳ್ಳಲಿಲ್ಲ.

ನಾನು ನಿವೃತ್ತಳಾಗಿ ಎರಡನೇ ವರ್ಷ ನಡೆಯುತ್ತಿದೆ. ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ಶಿಡ್ಲಘಟ್ಟದ ನಮ್ಮ ಮನೆಗೆ ಬಂದು, ಕೆಲಸ ಹೇಗಿರುತ್ತದೆ ಮೇಡಂ ಎಂದು ಕೇಳುತ್ತಾರೆ. ಬಾಯಿಮಾತಿನಲ್ಲಿ ಹೇಳಿದ್ದು ಬಸ್ ಸ್ಟ್ಯಾಂಡ್ ಮುಟ್ಟುವ ಹೊತ್ತಿಗೆ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಬೀಳ್ಕೊಡುಗೆಯ ವಿಷಯ ಬಿಟ್ಟಿದ್ದೇನೆ. ಅವು ಸರ್ವಿಸ್ ಪುಸ್ತಕದಲ್ಲಿವೆ.

ನಾನು ಇಂಜಿನಿಯರ್ ಅಲ್ಲ. ಕೆಲಸ ಶುರು ಮಾಡಿದ್ದು ಚಿಂತಾಮಣಿಯ ಟ್ರಂಕ್ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಕಿವಿಗೆ ಹೆಡ್‌ಫೋನು, ಮುಂದೆ ಗಡಿಯಾರ, ಕೈಯಲ್ಲಿ ಪೆನ್ಸಿಲು. ಕರೆ ಸೇರಿಸಿದ ಮೇಲೆ ನಾವು ಕೇಳಿಸಿಕೊಳ್ಳಬಾರದೆಂಬುದು ನಿಯಮ. ಲೈನು ಸರಿಯಾಗಿದೆಯೇ ಎಂದು ಒಂದು ಕ್ಷಣ ಕಿವಿಕೊಡಬಹುದಿತ್ತು, ಅಷ್ಟೇ. ಆ ಒಂದು ಕ್ಷಣದಲ್ಲಿ ಲೈನಿನಲ್ಲಿ ಇಬ್ಬರಿದ್ದಾರೋ, ಮೂರನೆಯವರು ಯಾರಾದರೂ ಕದ್ದು ಕೇಳುತ್ತಿದ್ದಾರೋ ಎನ್ನುವುದು ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಎಕ್ಸ್‌ಚೇಂಜಿಗೆ ತಾನೇ ಕರೆ ಸೇರಿಸುವ ಯಂತ್ರ ಬಂದ ಮೇಲೆ ನಮ್ಮನ್ನು ಬೇರೆ ಕಡೆ ಹಂಚಿದರು. ನಾನು ಕಾರ್ಖಾನೆಯೊಂದರ ಗ್ಯಾಸ್ ಕಂಟ್ರೋಲ್ ರೂಮಿಗೆ ಸೇರಿಕೊಂಡೆ. ಅಲ್ಲಿಂದ ಕೊನೆಗೆ ಬಂದದ್ದು ಈ ಶೆಡ್ಡಿಗೆ. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ದೇಶದ ಯೋಜನೆಗೆ ಬಿಡಿಬಿಡಿಯಾಗಿ ಪರೀಕ್ಷೆ ಮಾಡಿಕೊಡುತ್ತಿದ್ದ ಸಣ್ಣ ಸಂಸ್ಥೆ ಅದು. ಹೆಸರು ಬರೆಯುವುದಿಲ್ಲ.

ನಮ್ಮ ಪಾಲಿನ ಕೆಲಸ ಗಾಳಿಯದು. ಗಗನಯಾತ್ರಿಗಳು ಕೂರುವ ಕೋಣೆಯ ನಕಲೊಂದನ್ನು ಶೆಡ್ಡಿನ ನಡುವೆ ನಿಲ್ಲಿಸಿದ್ದರು. ನಾವು ಅದನ್ನು ಕ್ಯಾಬಿನ್ ಎನ್ನುತ್ತಿದ್ದೆವು. ದಪ್ಪ ಬಾಗಿಲು, ಅದನ್ನು ಬಿಗಿ ಮಾಡಲು ಒಂದು ಚಕ್ರ, ಅಂಗೈಯಗಲದ ಗಾಜಿನ ಕಿಟಕಿ. ಬಾಗಿಲು ಮುಚ್ಚಿದ ಮೇಲೆ ಒಳಗಿನ ಗಾಳಿ ಎಷ್ಟು ಹೊತ್ತಿಗೆ ಕೆಡುತ್ತದೆ, ಕೆಟ್ಟ ಗಾಳಿಯನ್ನು ಶುದ್ಧಿಯಂತ್ರ ಹೀರುತ್ತದೆಯೇ, ಹೀರದಿದ್ದರೆ ಗಂಟೆ ಹೊಡೆಯುತ್ತದೆಯೇ ಎಂದು ನೋಡಬೇಕು. ಜೀವಂತ ಮನುಷ್ಯರನ್ನು ಕೂರಿಸಿ ನೋಡುವ ಹಾಗಿಲ್ಲ. ಆದ್ದರಿಂದ ಉಸಿರಾಡುವ ಯಂತ್ರವೊಂದಿತ್ತು. ಮನುಷ್ಯ ಹೊರಬಿಡುವ ಹಾಗೆಯೇ ಇಂಗಾಲದ ಡೈಆಕ್ಸೈಡನ್ನು, ತೇವವನ್ನು, ಬಿಸಿಯನ್ನು ಅದು ಬಿಡುತ್ತಿತ್ತು. ನಿಮಿಷಕ್ಕೆ ಹದಿನೈದು ಉಸಿರು. ಅದರ ಕೊಳವೆ ಸೀಟಿನ ಮೇಲಿದ್ದ ಹೆಲ್ಮೆಟ್ಟಿನೊಳಕ್ಕೆ ಹೋಗುತ್ತಿತ್ತು.

ಒಳಗೊಂದು ಮೈಕು. ಪ್ರತಿ ಕಾಲು ಗಂಟೆಗೊಮ್ಮೆ ಹೆಡ್‌ಫೋನು ಹಾಕಿಕೊಂಡು ಒಂದು ನಿಮಿಷ ಕೇಳಿ, ಎಷ್ಟು ಉಸಿರು ಎಂದು ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸಗಳಲ್ಲಿ ಒಂದು. ಮೊದಲ ಸಲ ಕೇಳಿದಾಗ ಹನ್ನೊಂದು ಎಣಿಸುವಷ್ಟರಲ್ಲಿ ಹೆಡ್‌ಫೋನು ತೆಗೆದುಬಿಟ್ಟೆ. ಗಾಢ ನಿದ್ರೆಯಲ್ಲಿರುವವರು ನನ್ನ ಕಿವಿಯ ಪಕ್ಕದಲ್ಲೇ ಮಲಗಿದ ಹಾಗಿತ್ತು. ಆಮೇಲೆ ಅಭ್ಯಾಸವಾಯಿತು. ಅಭ್ಯಾಸವಾಗುವುದು ಒಳ್ಳೆಯದೆಂದೇ ಆಗ ನಂಬಿದ್ದೆ.

ಯಂತ್ರ ಬಂದ ಎರಡು ತಿಂಗಳಿಗೆ ಬೊಂಬೆ ಬಂತು. ಆಳೆತ್ತರ, ಆಳುತೂಕ, ಕೈಕಾಲಿನ ಕೀಲೆಲ್ಲ ಮಡಚುತ್ತಿದ್ದವು. ಮುಖ ಮಾತ್ರ ನುಣ್ಣಗೆ. ಕಣ್ಣು ಮೂಗು ಇಲ್ಲ. ಮೈತುಂಬ ಅಳತೆಯ ಸಾಧನಗಳು. ಮರದ ಪೆಟ್ಟಿಗೆಯಿಂದ ಎತ್ತಿ ಕೂರಿಸುವಾಗ ಅದರ ತಲೆ ಮುನಿರಾಜುವಿನ ಭುಜಕ್ಕೆ ಒರಗಿಕೊಂಡಿತು.

ಮುನಿರಾಜು ಅಂಬಾಜಿದುರ್ಗದ ಕೆಳಗಿನ ಹಳ್ಳಿಯವನು. ಆಗ ಐವತ್ತು ದಾಟಿದ್ದ. ವಾರಪೂರ್ತಿ ಗೌರಿಬಿದನೂರಿನಲ್ಲಿ ರೂಮು ಮಾಡಿಕೊಂಡಿದ್ದು ರಜೆಗೆ ಊರಿಗೆ ಹೋಗುತ್ತಿದ್ದ. ಬೊಂಬೆಯನ್ನು ಹಾಗೇ ಭುಜದ ಮೇಲಿಟ್ಟುಕೊಂಡು ಹೇಳಿದ: "ಬರೋವಾಗ ಮೆರವಣಿಗೆ, ಕೂರಕ್ಕೆ ಒಳ್ಳೇ ಸೀಟು, ಕೈಲಿ ಕೆಲಸ ಇಲ್ಲ. ಒಂಚೂರು ಹೆಚ್ಚುಕಮ್ಮಿ ಆದ್ರೆ ಮೇಲಿನೋರಿಗೆ ದೂರು. ಇವ್ರು ಬೀಗ್ರಲ್ದೆ ಇನ್ನೇನು ವಿಮಲಕ್ಕ?"

ಅಂದಿನಿಂದ ಅದು ಬೀಗರಾಯಿತು. ಬೀಗರಿಗೆ ಏಕವಚನ ಸಲ್ಲುವುದಿಲ್ಲ. ಬೀಗರು ಬಂದರಾ, ಬೀಗರು ಕೂತರಾ, ಬೀಗರ ಕೈ ನೋಡಪ್ಪ ಬಾಗಿಲಿಗೆ ಸಿಕ್ಕೀತು. ಶ್ರೀಕಂಠಯ್ಯನವರು ಮೊದಲು ಗದರಿಸಿದರು. ಒಂದು ವಾರದಲ್ಲಿ ಅವರೂ ಬೀಗರು ಎನ್ನುತ್ತಿದ್ದರು.

ಬೀಗರು ಕಳೆದುಹೋದ ದಿನವನ್ನು ಇಲ್ಲಿ ಹೇಳಬೇಕು. ಮುಂದಿನದಕ್ಕೆಲ್ಲ ಅದೇ ಕಾರಣ. ಒಂದು ಸಂಜೆ ತೂಕಕ್ಕೆ ಕಳಿಸಲೆಂದು ಅವರನ್ನು ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ, ಮೇಲೊಂದು ಬಟ್ಟೆ ಹೊದಿಸಿದರು. ಆಮೇಲೆ ತೂಕ ನಾಳೆಗೆ ಎಂದಾಯಿತು. ಇಳಿಸುವುದನ್ನು ಯಾರೂ ನೆನಪಿಡಲಿಲ್ಲ. ಮಾರನೇ ಬೆಳಿಗ್ಗೆ ನಾಗರಾಜ ಏನೂ ತಿಳಿಯದೆ ಮಂಚೇನಹಳ್ಳಿಯ ಕಡೆ ಜೀಪು ಹೊಡೆದ. ಗಾಳಿಗೆ ಬಟ್ಟೆ ಜಾರಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಯಾರೋ ನೆಟ್ಟಗೆ ಕೂತಿದ್ದಾರೆ, ಮುಖವಿಲ್ಲ. ಜೀಪು ನಿಲ್ಲಿಸಿ, ಬೀಗದಕೈಯನ್ನೂ ಬಿಟ್ಟು, ಅರ್ಧ ಮೈಲಿ ನಡೆದುಹೋಗಿ ನನಗೆ ಫೋನು ಮಾಡಿದ.

"ಅಮ್ಮಾ, ಜೀಪಲ್ಲಿ ಯಾರೋ ಅವ್ರೆ."

"ಯಾರಪ್ಪ?"

"ಗೊತ್ತಿಲ್ಲಮ್ಮ. ಎಲ್ಲಿಗೆ ಹೋಗ್ಬೇಕು ಅಂತ ಕೇಳ್ದೆ. ಮಾತಾಡ್ಲಿಲ್ಲ."

ಇಲ್ಲಿ ಶೆಡ್ಡಿನಲ್ಲಿ ನಾವು ಅಷ್ಟೊತ್ತಿಗೆ ಬೀಗರನ್ನು ಹುಡುಕಿ ಹುಡುಕಿ ಸುಸ್ತಾಗಿದ್ದೆವು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಷ್ಟು ಬೆಲೆಬಾಳುವ ವಸ್ತು ಎಲ್ಲಿದೆ ಎಂದು ಒಂದು ರಾತ್ರಿಯಿಡೀ ಯಾರಿಗೂ ಗೊತ್ತಿರಲಿಲ್ಲವಲ್ಲ ಎಂಬುದು ನನಗೆ ಸಣ್ಣ ವಿಷಯವಾಗಿರಲಿಲ್ಲ. ಆ ಮಧ್ಯಾಹ್ನವೇ ಬೀಗರಿಗೆ ಬಿಲ್ಲೆ ಕೊಟ್ಟೆ.

ಬಿಲ್ಲೆಯೆಂದರೆ ಹಿತ್ತಾಳೆಯದು. ಏಳು ಜನಕ್ಕೂ ಒಂದೊಂದಿತ್ತು. ಒಂದು ಬದಿಗೆ ಅಂಕಿ ಹೊಡೆದಿದೆ, ಇನ್ನೊಂದು ಬದಿ ಬರಿದು. ಕ್ಯಾಬಿನ್ನಿನ ಬಾಗಿಲ ಪಕ್ಕ ಕೊಕ್ಕೆಗಳಿರುವ ಹಲಗೆಯೊಂದಿತ್ತು. ಒಳಗೆ ಹೋಗುವವರು ತಮ್ಮ ಬಿಲ್ಲೆಯನ್ನು ಅಲ್ಲಿ ತೂಗುಹಾಕಿ ಹೋಗಬೇಕು, ಹೊರಬಂದಾಗ ತೆಗೆದುಕೊಳ್ಳಬೇಕು. ಹಲಗೆ ಖಾಲಿಯಾದ ಮೇಲಷ್ಟೇ ಬಾಗಿಲು ಮುಚ್ಚಬೇಕು. ಮಗುವಿಗೂ ಅರ್ಥವಾಗುವ ನಿಯಮ. ನಾನು ಬೀಗರಿಗೂ ಎಂಟನೇ ಬಿಲ್ಲೆ ಮಾಡಿಸಿ ಕೊರಳಿಗೆ ಹಾಕಿದೆ. ಹೊರಗೆ ಹೋದಾಗ ಅದು ಅವರ ಕೊರಳಲ್ಲಿ, ಒಳಗಿದ್ದಾಗ ಹಲಗೆಯ ಮೇಲೆ. ಅಂದರೆ ಅಂದಿನಿಂದ ಪರೀಕ್ಷೆಯ ಹೊತ್ತಿನಲ್ಲಿ ಹಲಗೆ ಖಾಲಿ ಇರುವುದು ನಿಂತುಹೋಯಿತು. ಒಂದು ಬಿಲ್ಲೆ ಇರಲೇಬೇಕು. ಮುಚ್ಚುವ ಮುಂಚೆ ನಾನು ಗಟ್ಟಿಯಾಗಿ ಹೇಳುತ್ತಿದ್ದೆ: "ಒಳಗೆ ಬೀಗರು ಒಬ್ಬರೇ." ಹೊರಗಿದ್ದವರು ಒಟ್ಟಿಗೆ "ಒಬ್ಬರೇ" ಎನ್ನುತ್ತಿದ್ದರು. ಮೇಲಿನಿಂದ ತಪಾಸಣೆಗೆ ಬಂದವರು ಈ ಕ್ರಮವನ್ನು ಮೆಚ್ಚಿ ವರದಿಯಲ್ಲಿ ಎರಡು ಸಾಲು ಬರೆದರು. ಆ ಎರಡು ಸಾಲನ್ನು ನಾನು ಎಷ್ಟೋ ಸಲ ಓದಿಕೊಂಡಿದ್ದೇನೆ.

ಇನ್ನೊಂದು ಪ್ರಸಂಗ ಬಡಿತದ್ದು. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡೂಕಾಲಿಗೆ ಹೆಡ್‌ಫೋನಿನಲ್ಲಿ ಒಳಗಿನಿಂದ ಮೂರು ಬಡಿತ ಕೇಳಿಸಿತು. ಸ್ವಲ್ಪ ಬಿಟ್ಟು ಮತ್ತೆ ಮೂರು. ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದ ಹಾಗೆ. ಹಲಗೆಯ ಮೇಲೆ ಬೀಗರದ್ದೊಂದೇ ಬಿಲ್ಲೆ. ತಲೆ ಎಣಿಸಿದೆ, ಏಳೂ ಜನ ಹೊರಗಿದ್ದರು. ಆದರೂ ಪರೀಕ್ಷೆ ನಿಲ್ಲಿಸಿ ಬಾಗಿಲು ತೆಗೆಸಿದೆ. ಬೀಗರು ಸೀಟಿನಲ್ಲಿ ಕೂತಿದ್ದರು, ಕೈ ತೊಡೆಯ ಮೇಲೆ. ಬೇರೆ ಯಾರೂ ಇರಲಿಲ್ಲ. ಹತ್ತು ಗಂಟೆ ಕಾಲದ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕಾಯಿತು. ನನಗೆ ಮೆಮೊ ಬಂತು, ಇನ್ನು ಮುಂದೆ ಸಾಧನದ ಆಧಾರವಿಲ್ಲದೆ ಪರೀಕ್ಷೆ ನಿಲ್ಲಿಸಬಾರದೆಂದು. ಶ್ರೀಕಂಠಯ್ಯನವರು ಕೆಟ್ಟವರಲ್ಲ, ಮಾತು ಮಾತ್ರ ಚುಚ್ಚುತ್ತಿತ್ತು. "ವಿಮಲಮ್ನೋರೆ, ಬೀಗರು ಕಾಫಿ ಕೇಳಿದ್ರೇನೋ, ಕೊಟ್ಟು ಕಳಿಸ್ಬೇಕಾಗಿತ್ತು" ಎಂದರು.

ಕಾರಣ ಕಂಡುಹಿಡಿದದ್ದು ಮುನಿರಾಜು. ಕ್ಯಾಬಿನ್ನಿನ ನೆಲದ ತಗಡುಗಳ ಕೆಳಗೆ ಕೊಳವೆಗಳಿಗಾಗಿ ಬಿಟ್ಟ ಸಂದು ಇತ್ತು. ಒಬ್ಬ ಮನುಷ್ಯ ಅಂಗಾತ ಮಲಗಿ ತೆವಳಬಹುದಾದಷ್ಟು. ಅಲ್ಲಿ ಒಂದು ತಗಡು ಬಿಸಿಲಿಗೆ ಹಿಗ್ಗಿ ಕ್ಲಿಪ್ಪಿಗೆ ಹೊಡೆಯುತ್ತಿತ್ತು. ಅವನು ಕೆಳಗೆ ಇಳಿದು ರಬ್ಬರು ತುಂಡು ಕೊಟ್ಟು ಬಂದ. ಅಂದಿನಿಂದ ಬಡಿತ ಎಷ್ಟೋ ಕಡಿಮೆಯಾಯಿತು. ಪೂರ್ತಿ ನಿಂತಿತು ಎಂದು ಮಾತ್ರ ಬರೆಯಲಾರೆ. ಬೇಸಿಗೆಯಲ್ಲಿ ಎರಡೂಕಾಲಿಗೆ ಕೆಲವು ಸಲ ಕೇಳಿಸುತ್ತಿತ್ತು. ತಗಡು ಎಂದುಕೊಂಡು ಸುಮ್ಮನಿರುತ್ತಿದ್ದೆವು.

ಕೊನೆಯ ಎರಡು ವರ್ಷಗಳಲ್ಲಿ ಕೆಲಸದ ರೀತಿ ಬದಲಾಯಿತು. ಮೊದಲಿದ್ದ ಇಂಜಿನಿಯರ್ ಜಾಗಕ್ಕೆ ಚಿಕ್ಕಬಳ್ಳಾಪುರದಿಂದ ನಿಖತ್ ಬಂದಳು. ಕಾಗದದ ಮೇಲೆ ನಾವು ಒಂದು ದಿನ ಮಾಡುತ್ತಿದ್ದ ಲೆಕ್ಕವನ್ನು ಪರದೆ ಒಂದು ಕ್ಷಣದಲ್ಲಿ ಗೆರೆಯಾಗಿ ತೋರಿಸುತ್ತಿತ್ತು. ಬುದ್ಧಿವಂತೆ, ನೇರ ಮಾತಿನವಳು. ಕಾಲು ಗಂಟೆಗೊಮ್ಮೆ ಉಸಿರು ಎಣಿಸುವುದು ಇನ್ನು ಬೇಡವೆಂದು ಅವಳೇ ವರದಿ ಬರೆದಳು. ಬರೆದು, ಕಳಿಸುವ ಮುಂಚೆ ನನಗೆ ತೋರಿಸಿದಳು.

"ಮೇಡಂ, ಬೇಜಾರು ಮಾಡ್ಕೋಬೇಡಿ. ಫ್ಲೋ ಮೀಟರೇ ಬ್ರೆತ್ ಕೌಂಟ್ ಕೊಡುತ್ತೆ. ನೀವು ಸುಮ್ನೆ ಹೆಡ್‌ಫೋನ್ ಹಾಕ್ಕೊಂಡು ಕೂರ್ತೀರ."

"ಮೀಟರು ಯಂತ್ರದ ಉಸಿರು ಎಣಿಸುತ್ತೆ ಕಣಮ್ಮ. ನಾನು ಕ್ಯಾಬಿನ್ನಿನ ಉಸಿರು ಎಣಿಸ್ತೀನಿ."

"ಎರಡೂ ಒಂದೇ ಅಲ್ವಾ?"

ನಾನು ರಿಜಿಸ್ಟರು ತೆರೆದು ಮುಂದಿನ ಕಾಲು ಗಂಟೆಗೆ ಗೆರೆ ಎಳೆದೆ. ನಾನು ನಿವೃತ್ತಳಾಗುವವರೆಗೆ ಇರಲಿ ಎಂದು ಅವಳು ಆ ಕಾಗದವನ್ನು ಡ್ರಾಯರಿನಲ್ಲಿ ಇಟ್ಟಳು.

ಇನ್ನು ಆ ಗುರುವಾರ.

ಅಂದಿನ ಪರೀಕ್ಷೆ ಎಲ್ಲಕ್ಕಿಂತ ಕಠಿಣವಾದದ್ದು. ಒಂಬತ್ತಕ್ಕೆ ಬಾಗಿಲು ಬಿಗಿಯಬೇಕು. ಹನ್ನೊಂದೂವರೆಗೆ ಶುದ್ಧಿಯಂತ್ರವನ್ನು ಬೇಕೆಂದೇ ನಿಲ್ಲಿಸಿ, ಕೆಟ್ಟ ಗಾಳಿಯನ್ನು ಏರಲು ಬಿಟ್ಟು, ಎಚ್ಚರಿಕೆಯ ಗಂಟೆ ಎಷ್ಟು ನಿಮಿಷಕ್ಕೆ ಹೊಡೆಯುತ್ತದೆಂದು ನೋಡಬೇಕು. ಗಂಟೆ ಹೊಡೆದ ಮೇಲೂ ಒಂದು ಗಂಟೆ ಕಾಲ ಗಾಳಿ ಏರುತ್ತಲೇ ಇರುತ್ತದೆ. ಒಳಗೆ ಜೀವವಿದ್ದರೆ ಉಳಿಯುವುದಿಲ್ಲ. ಇದನ್ನು ನೋಡಲು ಮುಖ್ಯ ಕಚೇರಿಯಿಂದ ಮೂವರು ಬರುವವರಿದ್ದರು.

ಬೀಗರು ಅಂದು ನಮ್ಮಲ್ಲಿರಲಿಲ್ಲ. ಭುಜದ ಕೀಲಿನ ರಿಪೇರಿಗೆಂದು ಮಂಗಳವಾರವೇ ಚಿಕ್ಕಬಳ್ಳಾಪುರದ ವರ್ಕ್‌ಶಾಪಿಗೆ ಹೋಗಿದ್ದರು, ಕೊರಳಲ್ಲಿ ಬಿಲ್ಲೆಯ ಸಮೇತ. ಗೇಟ್ ಪಾಸಿಗೆ ಸಹಿ ಹಾಕಿದವಳು ನಾನೇ. ಅವರ ಉಡುಪನ್ನೂ ಹೆಲ್ಮೆಟ್ಟನ್ನೂ ಮಾತ್ರ ಉಸಿರಿನ ಕೊಳವೆಗಾಗಿ ಸೀಟಿಗೆ ಬೆಲ್ಟು ಹಾಕಿ ಕೂರಿಸಿದ್ದೆವು.

ಮುನಿರಾಜು ಬುಧವಾರ ರಜೆ ಹಾಕಿ ಊರಿಗೆ ಹೋಗಿದ್ದ. ಗುರುವಾರ ಚಿಂತಾಮಣಿಯಿಂದ ಮೊದಲ ಬಸ್ಸು ಹಿಡಿದು ನೇರ ಶೆಡ್ಡಿಗೆ ಬಂದ. ಅವನಿಗೆ ಸಕ್ಕರೆ ಕಾಯಿಲೆ. ಮಾತ್ರೆಯನ್ನು ಬಸ್ಸಿನಲ್ಲೇ ನುಂಗಿದ್ದ, ತಿಂಡಿ ತಿಂದಿರಲಿಲ್ಲ. ಇದು ನಮಗೆ ತಿಳಿದದ್ದು ಆಮೇಲೆ. ಎಂಟೂ ಮುಕ್ಕಾಲಿಗೆ, ನೆಲದ ಕೆಳಗಿನ ಒಂದು ಕೊಳವೆಯ ಹಿಡಿಕೆ ಸಡಿಲವಾಗಿರಬಹುದೆಂದು ಅನುಮಾನ ಬಂದು, ಯಾರಿಗೂ ಹೇಳದೆ, ಆದರೆ ನಿಯಮದಂತೆ ತನ್ನ ಬಿಲ್ಲೆಯನ್ನು ಹಲಗೆಗೆ ಹಾಕಿ ಒಳಗೆ ಹೋಗಿ ನೆಲದ ಸಂದಿಗೆ ಇಳಿದ. ಅವನು ಮಾಡಬೇಕಾದ್ದನ್ನು ಮಾಡಿದ. ಬಿಲ್ಲೆ ತಿರುಗಿ ಬರಿಯ ಬದಿ ಮುಂದಾಗಿ ತೂಗಿತು.

ಒಂಬತ್ತಕ್ಕೆ ನಾನು ಹಲಗೆಯ ಮುಂದೆ ನಿಂತೆ. ಒಂದು ಬಿಲ್ಲೆ. ಕಿಟಕಿಯಿಂದ ನೋಡಿದೆ. ಸೀಟಿನಲ್ಲಿ ಹೆಲ್ಮೆಟ್ಟು, ಉಡುಪು. ಗಟ್ಟಿಯಾಗಿ ಹೇಳಿದೆ: "ಒಳಗೆ ಬೀಗರು ಒಬ್ಬರೇ."

"ಒಬ್ಬರೇ" ಎಂದರು ಹೊರಗಿದ್ದವರು.

ಬೀಗರು ಊರಲ್ಲೇ ಇಲ್ಲವಲ್ಲ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಎಷ್ಟು ಧ್ವನಿ ಬಂತು ಎಂದು ನಾನು ಎಣಿಸಲಿಲ್ಲ. ಮುನಿರಾಜು ತಿಂಡಿಗೆ ಹೋಗಿರಬೇಕೆಂದು ನಿಖತ್ ಅಂದುಕೊಂಡಳಂತೆ. ಸಿಲಿಂಡರಿನ ಹತ್ತಿರ ಇರಬೇಕೆಂದು ನಾನು. ಚಕ್ರ ತಿರುಗಿಸಿ ಸಹಿ ಹಾಕಿದೆ.

ಮೊದಲ ಒಂದೂವರೆ ಗಂಟೆ ಒಳಗಿನ ದೊಡ್ಡ ಫ್ಯಾನು ಓಡುತ್ತಿದ್ದುದರಿಂದ ಹೆಡ್‌ಫೋನಿನಲ್ಲಿ ಭೋರ್ ಎಂಬ ಸದ್ದು ಬಿಟ್ಟರೆ ಯಂತ್ರದ ಉಸಿರಷ್ಟೇ ಮಸುಕಾಗಿ ಕೇಳುತ್ತಿತ್ತು. ಹತ್ತೂವರೆಗೆ ಫ್ಯಾನು ತಗ್ಗಿಸಿದರು. ಹತ್ತೂ ಮುಕ್ಕಾಲಿಗೆ ಕಿವಿಕೊಟ್ಟೆ. ಹದಿನೈದು ಉಸಿರು. ಅವುಗಳ ನಡುವೆ ಇನ್ನೊಂದು.

ಅದು ಯಂತ್ರದ ಹಾಗೆ ಸಮನಾಗಿರಲಿಲ್ಲ. ಎಳೆದುಕೊಳ್ಳುವಾಗ ಸಣ್ಣ ಸಿಳ್ಳು. ಬಿಡುವುದು ತಡ. ಒಮ್ಮೆ ಯಂತ್ರಕ್ಕಿಂತ ಮುಂದೆ ಹೋಗುತ್ತಿತ್ತು, ಒಮ್ಮೆ ಹಿಂದೆ ಬೀಳುತ್ತಿತ್ತು, ಒಮ್ಮೊಮ್ಮೆ ಎರಡೂ ಕೂಡಿ ಒಂದೇ ಆಗುತ್ತಿತ್ತು. ನಾಲ್ಕು ದಶಕದ ಹಿಂದೆ ಟ್ರಂಕ್ ಲೈನಿನಲ್ಲಿ ಮೂರನೆಯವರು ಸದ್ದಿಲ್ಲದೆ ಸೇರಿಕೊಂಡಾಗ ಹೀಗೇ ಕೇಳಿಸುತ್ತಿತ್ತು.

ನಾನು ಏನು ಮಾಡಿದೆ ಎಂದು ಹೊಸಬರು ಓದಲಿ. ನಾನು ಕಾದೆ. ಮುಂದಿನ ಕೇಳುವ ಹೊತ್ತು ಹನ್ನೊಂದಕ್ಕೆ, ಅಲ್ಲಿಯವರೆಗೆ ಕಾದು ಖಚಿತ ಮಾಡಿಕೊಳ್ಳಬೇಕೆಂದು ಕಾದೆ. ಮೆಮೊ ನೆನಪಿತ್ತು. ಹದಿನೈದು ನಿಮಿಷ ಗಡಿಯಾರ ನೋಡುತ್ತ ಕೂತೆ. ಈ ಕಾಲು ಗಂಟೆಯನ್ನು ನಾನು ಇಂದಿಗೂ ಮರೆತಿಲ್ಲ.

ಹನ್ನೊಂದಕ್ಕೆ ಹೆಡ್‌ಫೋನು ಹಾಕಿದೆ. ಅದು ಇನ್ನೂ ಅಲ್ಲೇ ಇತ್ತು, ಮೊದಲಿಗಿಂತ ನಿಧಾನವಾಗಿ.

"ನಿಖತ್, ನಿನ್ನ ಪರದೆಯಲ್ಲಿ ಏನಾದ್ರೂ ವ್ಯತ್ಯಾಸ ಇದೆಯಾ?"

"ಎಲ್ಲಾ ನಾರ್ಮಲ್ ಮೇಡಂ. ಸಿಒಟು ಮಾತ್ರ ಲೆಕ್ಕಕ್ಕಿಂತ ಒಂಚೂರು ಮೇಲಿದೆ. ಬೆಳಿಗ್ಗೆಯಿಂದ ಹಾಗೇ ಇದೆ. ಸೆನ್ಸರ್ ಡ್ರಿಫ್ಟ್ ಇರ್ಬೇಕು, ರೀಡಿಂಗ್ ಒಂಚೂರು ಜಾರಿದೆ."

"ಎಷ್ಟು ಮೇಲೆ?"

ಅವಳು ಹೇಳಿದಳು. ಹೇಳಿ, ತಾನೇ ಮತ್ತೊಮ್ಮೆ ಪರದೆಯ ಕಡೆ ನೋಡಿದಳು. ಮಲಗಿದ ಒಬ್ಬ ಮನುಷ್ಯ ಬಿಡುವಷ್ಟು ಅದು.

ಮುಖ್ಯ ಕಚೇರಿಯ ಮೂವರು ಅಷ್ಟರಲ್ಲಿ ಬಂದು ಕುರ್ಚಿಯಲ್ಲಿ ಕೂತಿದ್ದರು. ಶ್ರೀಕಂಠಯ್ಯನವರು ನನ್ನ ಹತ್ತಿರ ಬಂದು ಧ್ವನಿ ತಗ್ಗಿಸಿದರು. "ಏನ್ರೀ?"

"ಸಾರ್, ಒಳಗೆ ಎರಡು ಉಸಿರಿದೆ."

"ಮತ್ತೆ ಶುರುವಾಯ್ತಾ? ಪ್ರತಿಧ್ವನಿ ಇರತ್ತೆ. ಫ್ಯಾನ್ ಕಮ್ಮಿ ಮಾಡಿದೀವಿ. ಇನ್ನು ಇಪ್ಪತ್ತೈದು ನಿಮಿಷಕ್ಕೆ ಶುದ್ಧಿಯಂತ್ರ ಆಫ್. ಇವರೆದುರಿಗೆ ದಯವಿಟ್ಟು ಬೇಡ ವಿಮಲಮ್ನೋರೆ."

"ಪ್ರತಿಧ್ವನಿಯಾದ್ರೆ ಉಸಿರಿನ ಯಂತ್ರ ನಿಂತಾಗ ಅದೂ ನಿಲ್ಲುತ್ತೆ ಸಾರ್."

"ಯಂತ್ರ ನಿಲ್ಲಿಸಿದ್ರೆ ಬೆಳಿಗ್ಗೆಯಿಂದ ಮಾಡಿದ್ದೆಲ್ಲ ಹೋಯ್ತು. ಜವಾಬ್ದಾರಿ ಯಾರು ತಗೋತಾರೆ?"

"ನಾನು. ನಿಖತ್, ಯಂತ್ರ ನಿಲ್ಲಿಸು. ಮೈಕಿನ ಸದ್ದನ್ನ ಸ್ಪೀಕರಿಗೆ ಹಾಕು."

ಅವಳು ಒಮ್ಮೆ ಅವರ ಮುಖ ನೋಡಿದಳು, ಒಮ್ಮೆ ನನ್ನ ಮುಖ. ಆಮೇಲೆ ಗುಂಡಿ ಒತ್ತಿದಳು.

ಯಂತ್ರ ನಿಂತಿತು. ಉಸಿರು ನಿಲ್ಲಲಿಲ್ಲ.

ಶೆಡ್ಡಿನ ತುಂಬ ಅದೊಂದೇ ಸದ್ದು. ಸಣ್ಣ ಸಿಳ್ಳು, ಬಿಡುವು, ಮತ್ತೆ ಸಿಳ್ಳು. ಕುರ್ಚಿಯಲ್ಲಿದ್ದವರು ಎದ್ದು ನಿಂತರು. ಕಿಟಕಿಯ ಒಳಗೆ ಹೆಲ್ಮೆಟ್ಟು ನಮ್ಮ ಕಡೆಯೇ ನೋಡುತ್ತ ಕೂತಿತ್ತು, ಅದರೊಳಗೆ ತಲೆಯಿಲ್ಲ. "ಅಮ್ಮಾ, ಬೀಗ್ರು ಚಿಕ್ಕಬಳ್ಳಾಪುರದಲ್ಲಿ ಅವ್ರಲ್ಲ" ಎಂದ ನಾಗರಾಜ.

ಹಲಗೆಯ ಹತ್ತಿರ ಹೋಗಿ ಬಿಲ್ಲೆಯನ್ನು ತಿರುಗಿಸಿದೆ. ಅಂಕಿ ನಾಲ್ಕು. ಮುನಿರಾಜು.

ಬಾಗಿಲು ಕೂಡಲೇ ತೆರೆಯುವುದಿಲ್ಲ. ಒಳಗಿನ ಒತ್ತಡ ಇಳಿಯಲು ನಾಲ್ಕು ನಿಮಿಷ ಬೇಕು. ಚಕ್ರದ ಬಳಿ ಶ್ರೀಕಂಠಯ್ಯನವರೇ ನಿಂತರು. ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನಾನು ಒಳಗಿನ ಸ್ಪೀಕರಿನ ಗುಂಡಿ ಒತ್ತಿ ಮಾತಾಡಿದೆ. "ಮುನಿರಾಜು, ನಾನು ವಿಮಲಕ್ಕ. ಬಾಗಿಲು ತೆಗೀತಿದೀವಿ. ಎದ್ದಿರಪ್ಪ." ಉತ್ತರವಿಲ್ಲ. ಎರಡನೇ ನಿಮಿಷದಲ್ಲಿ ಉಸಿರಿನ ನಡುವಿನ ಬಿಡುವು ಉದ್ದವಾಯಿತು. ಏಳು ಎಣಿಸಿದೆ. ಎಂಟು. ಒಂಬತ್ತಕ್ಕೆ ಸಿಳ್ಳು ಬಂತು. ನಿಖತ್ ನನ್ನ ತೋಳು ಹಿಡಿದುಕೊಂಡಿದ್ದಳು. ಅವಳ ಉಗುರಿನ ಗುರುತು ಎರಡು ದಿನ ಇತ್ತು.

ಬಾಗಿಲು ತೆರೆದು ನೆಲದ ತಗಡು ಎತ್ತಿದರು. ಅಂಗಾತ ಮಲಗಿದ್ದ, ಕೈಯಲ್ಲಿ ಸ್ಪ್ಯಾನರು, ಮೈಯೆಲ್ಲ ತಣ್ಣನೆಯ ಬೆವರು. ಹೊರಗೆ ಎಳೆದು ಮಲಗಿಸಿ ಆಕ್ಸಿಜನ್ ಕೊಟ್ಟು, ಗ್ಲೂಕೋಸ್ ಪುಡಿಯನ್ನು ಕಲಸಿ ಒಸಡಿಗೆ ಸವರಿದೆ. ಕಂಟ್ರೋಲ್ ರೂಮಿನಲ್ಲಿ ಕಲಿತ ಪ್ರಥಮ ಚಿಕಿತ್ಸೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ತೆಲುಗಿನಲ್ಲಿ ಕೇಳಿದ: "ಪಕ್ಕನ ಎವರುಂಡೇದಿ?" ಪಕ್ಕದಲ್ಲಿ ಯಾರಿದ್ದದ್ದು ಎಂದು.

"ಯಾರೂ ಇರಲಿಲ್ಲಪ್ಪ."

"ಇದ್ರು" ಎಂದು ಮತ್ತೆ ಕಣ್ಣು ಮುಚ್ಚಿದ.

ಜೀಪಿನಲ್ಲೇ ಗೌರಿಬಿದನೂರಿನ ಆಸ್ಪತ್ರೆಗೆ ಕರೆದೊಯ್ದೆವು. ರಕ್ತದಲ್ಲಿ ಸಕ್ಕರೆ ತೀರಾ ಇಳಿದು, ಬಾಗಿಲು ಮುಚ್ಚುವ ಮೊದಲೇ ಪ್ರಜ್ಞೆ ತಪ್ಪಿತ್ತು. ಇನ್ನೊಂದು ಗಂಟೆ ಅಲ್ಲೇ ಇದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಮಧ್ಯಾಹ್ನ ಮೂರರ ಹೊತ್ತಿಗೆ ಅವನಿಗೆ ಮಾತು ನೆಟ್ಟಗಾಯಿತು.

"ಅಕ್ಕ, ಬೀಗ್ರ ಮನೇಲಿ ಮಲಗಿಬಿಟ್ನಲ್ಲ, ಮರ್ಯಾದೆ ಹೋಯ್ತು" ಎಂದ. ನಾನು ನಗಲಿಲ್ಲವೆಂದು ನೋಡಿ ಧ್ವನಿ ತಗ್ಗಿಸಿದ. "ಕೂಗಣ ಅಂತ ಬಾಯಿ ತೆಗೆದ್ರೆ ಸದ್ದೇ ಬರ್ಲಿಲ್ಲಕ್ಕ. ಕತ್ಲೆ. ಆದ್ರೆ ತಲೆ ಮೇಲೆ ಯಾರೋ ಉಸಿರಾಡ್ತಾ ಕೂತವ್ರೆ. ಯಂತ್ರ ಅಂತ ಆಗ ಗೊತ್ತಾಗ್ಲಿಲ್ಲ. ಯಾರೋ ಕಾಯ್ತಾ ಅವ್ರೆ ಅನ್ನಿಸ್ತು. ಅವ್ರು ಬಿಟ್ಟಾಗ ನಾನೂ ಬಿಟ್ಟೆ, ಅವ್ರು ಎಳ್ಕೊಂಡಾಗ ನಾನೂ ಎಳ್ಕೊಂಡೆ. ಆಮೇಲೆ ಇದ್ದಕ್ಕಿದ್ದಂಗೆ ಅವ್ರು ನಿಲ್ಲಿಸಿಬಿಟ್ರು. ಆವಾಗ ಹೆದರಿಕೆ ಆಯ್ತು."

ಯಂತ್ರ ನಿಲ್ಲಿಸಿದ್ದು ನಾನೇ ಎಂದು ಹೇಳಿದೆ. ಅವನು ತಲೆಯಾಡಿಸಿದ. ನಂಬಿದನೋ ಇಲ್ಲವೋ ತಿಳಿಯದು.

ನಾಲ್ಕೂವರೆಗೆ ಶೆಡ್ಡಿಗೆ ವಾಪಸಾದೆ. ಶ್ರೀಕಂಠಯ್ಯನವರು ರಿಜಿಸ್ಟರನ್ನು ನನ್ನ ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು. ಪರೀಕ್ಷೆ ನಿಲ್ಲಿಸಿದ ಕಾರಣ ಎಂಬ ಅಂಕಣ ಖಾಲಿಯಿತ್ತು.

"ಸೆನ್ಸರ್ ದೋಷ ಅಂತ ಬರೀರಿ" ಎಂದರು. "ಸುಳ್ಳೇನಲ್ಲ, ಸಿಒಟು ಜಾಸ್ತಿ ತೋರಿಸ್ತಿತ್ತು. ಮುನಿರಾಜುಗೂ ತೊಂದರೆ ಬೇಡ, ನಿಮಗೂ ಬೇಡ. ರಿಟೈರ್ ಆಗಕ್ಕೆ ಎಂಟು ತಿಂಗಳಿದೆ ನಿಮಗೆ."

"ಸೆನ್ಸರ್ ಸರಿಯಾಗಿತ್ತು ಸಾರ್. ಅದು ಸರಿಯಾಗಿತ್ತು ಅಂತ ಮೇಲೆ ಆಕಾಶಕ್ಕೆ ಹೋಗೋವ್ರಿಗೆ ಗೊತ್ತಾಗಬೇಕಲ್ಲ."

ಅವರು ಖಾಲಿ ಅಂಕಣವನ್ನು ಮತ್ತೊಮ್ಮೆ ನೋಡಿದರು. ಆಮೇಲೆ ತಮ್ಮ ಪೆನ್ನನ್ನೇ ನನ್ನ ಕಡೆ ತಳ್ಳಿದರು. ಹೀಗೆ ಬರೆದೆ: ಒಳಗೆ ಮನುಷ್ಯನಿದ್ದ. ಬಾಗಿಲು ಮುಚ್ಚುವಾಗ ಅವನ ಬಿಲ್ಲೆ ಹಲಗೆಯ ಮೇಲಿತ್ತು. ಅದನ್ನು ಬೊಂಬೆಯ ಬಿಲ್ಲೆ ಎಂದು ತಿಳಿದು ಬಾಗಿಲು ಮುಚ್ಚಲಾಯಿತು. ಬೊಂಬೆಗೆ ಬಿಲ್ಲೆ ಕೊಡುವ ಕ್ರಮ ತಂದವಳು ನಾನು. ಮುಚ್ಚಿದವಳು ನಾನು. ಎರಡನೇ ಉಸಿರು ಕೇಳಿದ್ದು ಹತ್ತೂ ಮುಕ್ಕಾಲಿಗೆ, ನಿಲ್ಲಿಸಿದ್ದು ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ. ತಡಕ್ಕೆ ಕಾರಣ ನಾನು.

ಕೆಳಗೆ ಸಹಿ ಹಾಕಿದೆ. ಅದರ ಕೆಳಗೆ ಅವರೂ ಹಾಕಿದರು. ಅದನ್ನು ನಾನು ನಿರೀಕ್ಷಿಸಿರಲಿಲ್ಲ.

ದಿನದ ಕೊನೆಗೆ, ಧೂಳು ಸೇರದ ಹಾಗೆ ಕ್ಯಾಬಿನ್ನಿನ ಬಾಗಿಲು ಮುಚ್ಚಿ ಹೋಗಬೇಕು. ಅಂದು ಮುಚ್ಚುವ ಮೊದಲು ಟಾರ್ಚು ಹಿಡಿದು ಒಳಗೆ ಹೋದೆ. ಒಂದೊಂದೇ ತಗಡು ಎತ್ತಿಸಿದೆ. ಐವತ್ತೊಂಬತ್ತರ ವಯಸ್ಸಿನಲ್ಲಿ ಅಂಗಾತ ಮಲಗಿ ಆ ಸಂದಿನ ಉದ್ದಕ್ಕೂ ಕೈಯಾಡಿಸಿದೆ. ಅವನು ಮಲಗಿದ್ದ ಜಾಗದಲ್ಲಿ ತಗಡಿಗೆ ಬೆವರಿನ ಆಕಾರ ಇನ್ನೂ ಅಂಟಿತ್ತು. ಒರೆಸಿದೆ. ಹೊರಗೆ ಬಂದು ಹಲಗೆ ಪೂರ್ತಿ ಖಾಲಿ ಇರುವುದನ್ನು ನೋಡಿದೆ. ಅಷ್ಟು ಸಾಕಾಗಲಿಲ್ಲ. ಎಲ್ಲರನ್ನೂ ಬಾಗಿಲ ಮುಂದೆ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಹೆಸರು ಹಿಡಿದು ಕರೆದೆ. ನಿಖತ್ ಇದೀನಿ ಎಂದಳು. ನಾಗರಾಜ ಇದೀನಿ ಎಂದ. ಸಿಲಿಂಡರಿನ ಇಬ್ಬರೂ ಎಂದರು. ಶ್ರೀಕಂಠಯ್ಯನವರ ಹೆಸರನ್ನೂ ಕರೆದೆ. ಅವರೂ ಇದೀನಿ ಎಂದರು. ನನ್ನ ಹೆಸರನ್ನು ನಿಖತ್ ಕರೆದಳು. ನಾನು ಇದೀನಿ ಎಂದೆ. ಆರಾಯಿತು.

ಆಸ್ಪತ್ರೆಗೆ ಫೋನು ಮಾಡಿದೆ. ಅವನ ಹೆಂಡತಿ ಚಿಂತಾಮಣಿಯಿಂದ ಬಂದಿದ್ದರು. ಮಲಗಿದಾರಮ್ಮ, ಎಬ್ಬಿಸಲಾ ಎಂದು ಕೇಳಿದರು. ಎಬ್ಬಿಸಿ ಎಂದೆ. ಫೋನು ಕೈ ಬದಲಾಯಿತು. ಮಾತಿಗಿಂತ ಮುಂಚೆ ಅವನ ಉಸಿರು ಕೇಳಿಸಿತು, ಎಳೆದುಕೊಳ್ಳುವಾಗಿನ ಆ ಸಣ್ಣ ಸಿಳ್ಳು.

"ಮುನಿರಾಜು" ಎಂದೆ.

"ಇದೀನಕ್ಕ. ಹೊರಗಡೇನೇ ಇದೀನಿ."

ಏಳು. ಆರು ಗಂಟೆ ಹತ್ತು ನಿಮಿಷಕ್ಕೆ ಚಕ್ರ ತಿರುಗಿಸಿ ಬಾಗಿಲು ಬಿಗಿ ಮಾಡಿದೆ.